ಕದ್ದು ತಂದ ಗೊಬ್ಬರ

ಐ.ಡಿ.ಹಳ್ಳಿ ಪಕ್ಕದ ಆ ಊರಲ್ಲಿ ಕಡ್ಲೆಕಾಯಿ ಬಿತ್ತುವ ಮೊದಲು ರಾಮಾಂಜಿನಮ್ಮನ ಜಗಲಿಗೆ ಬಂದು ಹೋಗದ ರೈತರೇ ಇರಲಿಲ್ಲ. ಅವಳು ನಾಲ್ಕು ಕಾಯಿ ಅಂಗೈಲಿ ಹಾಕಿಕೊಂಡು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದು ಬಿತ್ತನೆಗೆ ಆಗ್ತದೆ, ಇದನ್ನ ಗಾಣಕ್ಕೆ ಹಾಕ್ಬುಡು" ಅಂದರೆ ಮುಗಿಯಿತು. ಗಂಡ ನರಸಿಂಹರಾಜು ಮಧುಗಿರಿಯಲ್ಲಿ ಲಗೇಜ್ ಆಟೋ ಓಡಿಸುತ್ತಿದ್ದ. ಹೊಲದ ಯಜಮಾನಿಕೆ ಪೂರ್ತಿ ಅವಳದೇ. ಊರ ಗಂಡಸರು ತನ್ನ ಮಾತಿಗೆ ಕಾಯುವುದು ಅವಳಿಗೆ ಹಬ್ಬದೂಟಕ್ಕಿಂತ ರುಚಿಯಾಗಿತ್ತು.

ಆ ರುಚಿಗೆ ಕಲ್ಲು ಬಿದ್ದದ್ದು ಪಕ್ಕದ ಹೊಲದ ಪ್ರಭುದೇವ್ ಮದುವೆಯಾದ ಮೇಲೆ. ಹೆಂಡತಿ ಯಶಸ್ವಿನಿ ಶಿರಾದ ಹುಡುಗಿ, ಕೃಷಿ ಡಿಪ್ಲೊಮಾ ಓದಿದವಳು. ಬಂದ ವರ್ಷವೇ ರಾಮಾಂಜಿನಮ್ಮನ ಮನೆಗೆ ಬಿತ್ತನೆ ಬೀಜ ಕೇಳಿಕೊಂಡು ಬಂದಿದ್ದಳು. ಹಿತ್ತಿಲ ಕೋಣೆ ತುಂಬ ಮೂಟೆ ಇದ್ದರೂ ರಾಮಾಂಜಿನಮ್ಮ, "ಅಯ್ಯೋ, ಎಲ್ಲಾ ಖಾಲಿಯಾಗೋಯ್ತಲ್ಲ ಕಣಮ್ಮ" ಅಂದು ಬಾಗಿಲಲ್ಲೇ ಕಳಿಸಿದ್ದಳು. ಓದಿದವಳಿಗೆ ನನ್ನ ಬೀಜ ಯಾಕೆ ಅನ್ನೋದು ಒಳಗಿನ ಮಾತು.

ಆ ಭಾಗದ ಕಡ್ಲೆಕಾಯಿಗೆ ಆಗ ಬುಡ ಕೊಳೆ ಹಿಡಿದಿತ್ತು. ಗಿಡ ಹೂ ಬಿಡುವ ಹೊತ್ತಿಗೆ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಉಂಡೆಗಳು. ಆಮೇಲೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ವೃತ್ತ ಕೊರೆದ ಹಾಗೆ ಗಿಡ ಒಣಗುತ್ತಿತ್ತು. ರಾಮಾಂಜಿನಮ್ಮನ ಹೊಲವೂ ಬೋಳಾಯಿತು. ಬದುವಿನ ಆಚೆ ಯಶಸ್ವಿನಿಯ ಹೊಲ ಮಾತ್ರ ಹಸಿರು ಕಂಬಳಿ ಹಾಸಿದಂತೆ ಮಲಗಿತ್ತು. ಕಳೆ ಕೀಳುವಾಗ ಅತ್ತ ಬೆನ್ನು ಮಾಡಿ ಕೂತರೂ ಆ ಹಸಿರು ಬೆನ್ನಿಗೇ ಚುಚ್ಚುತ್ತಿತ್ತು.

ಜಗಲಿಗೆ ಬರುವವರು ಕಡಿಮೆಯಾದರು. ಪ್ರತಿ ವರ್ಷ ಅವಳಿಗೇ ಬೀಜ ತೋರಿಸುತ್ತಿದ್ದ ಅಡವಯ್ಯನೇ ಒಂದು ದಿನ ಅವಳ ಮನೆ ಮುಂದೆ ಹಾದು ಹೋಗುತ್ತಾ, "ಯಶಸ್ವಿನಮ್ಮನ್ನ ಒಂದು ಮಾತು ಕೇಳ್ಕೊಂಡ್ ಬತ್ತೀನಿ" ಅಂದ. ಆವತ್ತು ಅವಳು ಮುದ್ದೆ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದಳು.

"ಅದೇನು ಮಾಡ್ತಾಳೋ ಮಾಟಗಾತಿ," ಅಂದಳು ಗಂಡನಿಗೆ. "ತಿಪ್ಪೆ ಗೊಬ್ಬರಾನ ಹೊಂಗೆ ಮರದ ನೆರಳಲ್ಲಿ ಗುಡ್ಡೆ ಹಾಕಿ, ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸ್ತಾಳೆ. ಬಾಣಂತಿ ಉಪಚಾರ ತಿಪ್ಪೆಗೆ!"

"ಹೋಗಿ ಕೇಳಬಾರದಾ?"

"ನಾನಾ? ಅವಳನ್ನಾ?"

ಮುಂದಿನ ಮುಂಗಾರಿಗೆ ಬಿತ್ತನೆ ಹತ್ತಿರ ಬಂದಾಗ ಪ್ರಭುದೇವನ ಮನೆಯವರೆಲ್ಲ ಪಟ್ಟನಾಯಕನಹಳ್ಳಿಗೆ ನೆಂಟರ ಮದುವೆಗೆ ಹೋದರು. ನಡು ಮಧ್ಯಾಹ್ನ ರಾಮಾಂಜಿನಮ್ಮ ಬುಟ್ಟಿ ಹಿಡಿದು ಬದು ದಾಟಿದಳು. ಗೋಣಿಚೀಲ ಎತ್ತಿದರೆ ಗುಡ್ಡೆಯ ಮೈಮೇಲೆಲ್ಲ ತಿಳಿ ಹಸಿರು ಪುಡಿ ಉದುರಿಸಿದಂಥ ಬೂಷ್ಟು. ಮೊದಲ ಮಳೆಯ ಮಣ್ಣಿನ ವಾಸನೆ. ಬಾಚಿ ಬಾಚಿ ತುಂಬಿಕೊಂಡಳು. ಮತ್ತೆ ಬಂದು ಇನ್ನೊಂದು ಬುಟ್ಟಿ ಒಯ್ದಳು. ಗೋಣಿಚೀಲವನ್ನು ಮೊದಲಿದ್ದ ಹಾಗೆಯೇ ಹೊದಿಸಿದಳು. ಬಿತ್ತುವ ದಿನ ಅಷ್ಟನ್ನೂ ಸಾಲಿಗೆ ಸುರಿದಳು.

ಆದರೆ ಕದ್ದ ಮನಸ್ಸಿಗೆ ಧೈರ್ಯ ಕಡಿಮೆ. ಮೊಳಕೆ ಬಂದ ಕೂಡಲೇ, ಇದೂ ಕೈ ಕೊಟ್ಟರೆ ಅಂತ ಹೆದರಿ, ಮಧುಗಿರಿ ಅಂಗಡಿಯಿಂದ ಬೂಷ್ಟು ಸಾಯಿಸುವ ಔಷಧಿ ತರಿಸಿ ಸಾಲು ಸಾಲಿಗೂ ಹುಯ್ದಳು.

ಹೂ ಬಿಡುವ ಹೊತ್ತಿಗೆ ಅವಳ ಹೊಲದಲ್ಲಿ ಮತ್ತೆ ಅದೇ ಒಣ ವೃತ್ತಗಳು ಬಿದ್ದವು. ಬದುವಿನ ಆಚೆ ಮತ್ತೆ ಅದೇ ಹಸಿರು. ಅವಳಿಗೆ ಒಂದೇ ಅರ್ಥ ಹೊಳೆಯಿತು: ನಾನು ಬರ್ತೀನಿ ಅಂತ ಗೊತ್ತಿದ್ದೇ ಆ ಹುಡುಗಿ ಸುಳ್ಳು ಗುಡ್ಡೆ ಇಟ್ಟು ಹೋಗಿದ್ದಳು.

ಮಾರನೇ ದಿನ ಬೆಳಿಗ್ಗೆ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಯಶಸ್ವಿನಿಯನ್ನು ಕಂಡದ್ದೇ ರಾಮಾಂಜಿನಮ್ಮನ ಸಹನೆಯ ಕಟ್ಟೆ ಒಡೆಯಿತು.

"ಏನಮ್ಮಣ್ಣಿ, ಊರಿಗೆಲ್ಲ ಬುದ್ಧಿ ಹೇಳ್ತೀಯ! ಆ ನಿನ್ನ ಗೊಬ್ಬರದಲ್ಲಿ ಏನೂ ಇಲ್ಲ. ಬರೀ ಮಣ್ಣು! ಎರಡು ಬುಟ್ಟಿ ಸುರಿದ್ರೂ ನನ್ನ ಹೊಲ ಒಣಗೋಯ್ತು!"

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಯಶಸ್ವಿನಿ ಮೆಲ್ಲಗೆ ಕೇಳಿದಳು: "ನಾನು ನಿಮಗೆ ಯಾವಾಗ ಗೊಬ್ಬರ ಕೊಟ್ಟೆ, ರಾಮಾಂಜಿನಕ್ಕ?"

ಆಗ ತಾನು ಏನಂದೆ ಅಂತ ರಾಮಾಂಜಿನಮ್ಮನ ಕಿವಿಗೇ ಕೇಳಿಸಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹಾಲು ಅಳೆಸದೆ ಕ್ಯಾನು ಎತ್ತಿಕೊಂಡು ಮನೆಗೆ ಬಂದು ಒಳಗಿನಿಂದ ಅಗುಳಿ ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದವಳು ಯಶಸ್ವಿನಿಯೇ. ಮುಖ ಕೆಂಪಾಗಿತ್ತು, ಸಮಾಧಾನ ಮಾಡಲು ಬಂದವಳ ಮುಖವಲ್ಲ ಅದು.

"ಕೇಳಿದ್ರೆ ಕೊಡ್ತಿದ್ದೆ. ಕದ್ದಿರಿ, ಹೋಗ್ಲಿ. ನಾಲ್ಕು ಜನರ ಮುಂದೆ ನನ್ನನ್ನ ಮೋಸಗಾತಿ ಮಾಡಿದ್ರಲ್ಲ? ಗೊಬ್ಬರದ ಜೊತೆ ಇನ್ನೇನು ಹಾಕಿದ್ರಿ ಹೇಳಿ."

ರಾಮಾಂಜಿನಮ್ಮ ತಲೆ ಎತ್ತದೆ ಔಷಧಿ ಹೆಸರು ಹೇಳಿದಳು.

"ಅಲ್ಲೇ ಕೆಟ್ಟಿದ್ದು. ಆ ಹಸಿರು ಬೂಷ್ಟು ಜೀವ ಇರೋದು ಅಕ್ಕ. ಟ್ರೈಕೋಡರ್ಮಾ ಅಂತ. ಬುಡ ಕೊಳೆಸೋ ಬೂಷ್ಟಿನ ಮೇಲೆ ಹತ್ತಿ ಅದನ್ನ ತಿಂದು ಬದುಕುತ್ತೆ. ಪುಡಿ ತಂದು, ಬೆಲ್ಲದ ನೀರು ಕೊಟ್ಟು, ನೆರಳಲ್ಲಿ ಸಾಕಬೇಕು. ನೀವು ಹುಯ್ದ ಔಷಧಿ ಕೆಟ್ಟದ್ದಕ್ಕೆ ಅಷ್ಟಾಗಿ ತಾಗಲ್ಲ, ಇದನ್ನೇ ಮೊದಲು ಕೊಲ್ಲುತ್ತೆ."

ಯಶಸ್ವಿನಿ ಹೊಸ್ತಿಲು ದಾಟುವಾಗ ತಿರುಗಿ ನಿಂತಳು.

"ಹೊಟ್ಟೆ ಉರಿ ನಿಮಗೊಬ್ಬರಿಗೇ ಅಂದ್ಕೋಬೇಡಿ. ನಿಮ್ಮ ಬೀಜ ನೋಡಿ ನಾನು ಎಷ್ಟು ಕರುಬಿದೀನಿ ಗೊತ್ತಾ? ನನ್ನ ಗಿಡ ಹಸಿರು, ಸರಿ. ಕಿತ್ತಾಗ ಅರ್ಧ ಕಾಯಿ ಜೊಳ್ಳು. ಅದನ್ನ ಯಾರೂ ನೋಡಲ್ಲ."

ಆ ಮಾತು ಕೇಳಿ ರಾಮಾಂಜಿನಮ್ಮನಿಗೆ ಮೊದಲು ಆದದ್ದು ಸಂತೋಷ. ಬಾಯಿಗೆ ಬೆಲ್ಲ ಹಾಕಿದಂಥ ಸಂತೋಷ. ಆ ಸಂತೋಷಕ್ಕೆ ನಾಚಿಕೆಯಾಗಲು ಎರಡು ದಿನ ಹಿಡಿಯಿತು.

ಮೂರನೇ ದಿನ ಹಗಲಲ್ಲೇ, ಎಲ್ಲರೂ ನೋಡುವಂತೆ, ಒಂದು ಮೊರ ಬಿತ್ತನೆ ಕಾಯಿ ಹೊತ್ತು ಬೀದಿಯಲ್ಲಿ ಯಶಸ್ವಿನಿಯ ಮನೆಗೆ ನಡೆದುಹೋದಳು. "ಕಿವಿ ಹತ್ರ ಹಿಡಿ, ಅಲ್ಲಾಡ್ಸು. ಬುರುಡೆಯಂಗೆ ಟೊಳ್ಳು ಸದ್ದು ಬಂದ್ರೆ ಬುಟ್ಬುಡು," ಅಂದಳು. ಕ್ಷಮಿಸು ಅನ್ನುವ ಮಾತು ಬಾಯಿಗೆ ಬರಲಿಲ್ಲ. ಯಶಸ್ವಿನಿಯೂ ಅದನ್ನು ಕೇಳಲಿಲ್ಲ. ಟ್ರೈಕೋಡರ್ಮಾ ಪುಡಿಯ ಒಂದು ಪೊಟ್ಟಣ ತಂದು ಮೊರದಲ್ಲಿಟ್ಟಳು.

ಮುಂದಿನ ವರ್ಷ ಎರಡೂ ಹೊಲಗಳು ಹಸಿರಾದವು. ಪಾವಗಡ ಕಡೆಯ ರೈತ ಹೆಂಗಸರು ಒಂದು ವ್ಯಾನು ತುಂಬ ನೋಡಲು ಬಂದರು. ಅವರಲ್ಲೊಬ್ಬಳು ರಾಮಾಂಜಿನಮ್ಮನ ಗಿಡ ಕಿತ್ತು, ಗೊಂಚಲು ಕಾಯಿ ನೋಡಿ, "ಎಂತ ಬಾಗುಂದಿ!" ಅಂದು ತೆಲುಗಿನಲ್ಲೇ ಮೆಚ್ಚಿ ಬಾಯಿ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಉಳಿದವರೆಲ್ಲ ಯಶಸ್ವಿನಿಯ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೊಟ್ಟೆಯೊಳಗೆ ಆ ಹಳೇ ಕಿಡಿ ಚುರುಕ್ಕಂದಿತು. ರಾಮಾಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ನೇರ ಹೋಗಿ, ಗುಂಪನ್ನು ಸರಿಸಿ, ಫೋಟೊದ ನಡುವೆ ನಿಂತಳು.