ಬಚ್ಚಲ ನೀರಿನ ಕಣಗಿಲ

ಊರ ಮನೆಯ ಬಚ್ಚಲಿನಲ್ಲಿ ಹೊಸ ಬೇಸಿನ್ ಕೂಡಿಸಲು ಬಂದ ಪ್ಲಂಬರ್ ಹಳೆಯ ಸಿಮೆಂಟ್ ಪೈಪಿನೊಳಗಿಂದ ಕಪ್ಪು ಬೇರುಗಳ ಒಂದು ಗೊಂಚಲನ್ನು ಎಳೆದು ಹಾಕಿದ. ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಕಣಗಿಲದ ಬೇರು! ಬಾಜು ಮನೆಯ ಮುದುಕಿ ಆಯಿ ಕಣ್ಣ ಮುಂದೆ ಬಂದು ನಿಂತಳು…

ಎಪ್ಪತ್ತರ ದಶಕದ ಗುಡಗೇರಿ. ನಮ್ಮ ಬಚ್ಚಲ ನೀರು ಗೋಡೆ ದಾಟಿ ಆಯಿಯ ಹಿತ್ತಲಿನ ಬಿಳಿ ಕಣಗಿಲ ಗಿಡಕ್ಕೆ ಹೋಗುತ್ತಿತ್ತು. ಆ ಹೂವಿಲ್ಲದೆ ಅವಳ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಬಾಯಿಗೆ ಹನಿ ನೀರಿಲ್ಲ. ನಾನು ಒಂದು ಹೂ ಮುಟ್ಟಿದರೂ ಇಡೀ ಓಣಿಗೆ ಕೇಳುವಂತೆ ಬೈಯುತ್ತಿದ್ದಳು.

ಆ ವರ್ಷ ಅವ್ವನ ನಡ ಹಿಡಿಯಿತು. ಬಗ್ಗಿ ಮುಖ ತೊಳೆಯಲಾಗದೆ ಗೋಡೆ ಹಿಡಿದು ಅಳುತ್ತಿದ್ದಳು. ಅಪ್ಪ ಹುಬ್ಬಳ್ಳಿಯಿಂದ ಬೇಸಿನ್ ತಂದ. ನಳವೇ ಇಲ್ಲದ ಊರಿನಲ್ಲಿ ಬೇಸಿನ್ನು! ತಂಬಿಗೆಯಿಂದ ನೀರು ಹೊಯ್ದುಕೊಳ್ಳಬೇಕು. ಆದರೂ ನಿಂತು ತೊಳೆಯಬಹುದಲ್ಲ. ಇಳಿಜಾರು ಆಯಿಯ ಕಡೆಗೇ ಇದ್ದುದರಿಂದ, ಅದರ ಪೈಪನ್ನೂ ಬಚ್ಚಲ ಪೈಪಿಗೇ ಜೋಡಿಸಲು ಗಾರೆ ಕೆಲಸದ ಗೌಂಡಿ ಬಂದ.

ಆಯಿ ಸೆರಗು ಸಿಕ್ಕಿಸಿಕೊಂಡು ಬಂದೇ ಬಿಟ್ಟಳು. "ಮೈ ತೊಳದ ನೀರು ಬ್ಯಾರೆ, ಬಾಯಿ ಮುಕ್ಕಳಿಸಿದ್ದು ಬ್ಯಾರೆ. ಎಂಜಲ ಕುಡದ ಗಿಡದ ಹೂವ ಲಿಂಗಕ್ಕ ಹೆಂಗ ಏರಸ್ಲಿ? ಯಾರಿಗೆ ಬೇಕಾಗೇತಿ ಈ ಥಾಟು?"

"ಇಕಿ ನಡಾ ಬಗ್ಗವಲ್ದ್ರಿ, ಆಯಿ," ಎಂದ ಅಪ್ಪ.

ಆಯಿ ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ನೋಡಿದಳು. ಆಮೇಲೆ ಗೌಂಡಿಯ ಮೇಲೆ ರೇಗಿದಳು: "ಏನ್ ಮಾರಿ ನೋಡ್ಕೋತ ನಿಂತೀಯೋ? ಜೋಡಸು! ನಿಂತು ಮಾರಿ ತೊಳಕೊಳ್ಲಿ ಹುಡುಗಿ."

ಮರುದಿನದಿಂದ ಆಯಿ ಬುಟ್ಟಿ ಹಿಡಿದು ಊರಾಚೆಯ ತೋಟಕ್ಕೆ ಹೂವಿಗೆ ನಡೆದಳು. ಕಣಗಿಲ ಮಾತ್ರ ಎರಡು ಪಾಲು ನೀರು ಕುಡಿದು ನಾಚಿಕೆಯಿಲ್ಲದೆ ಅರಳಿತು. ಅವಳು ಒಂದು ಹೂವನ್ನೂ ಹರಿಯಲಿಲ್ಲ, ಗಿಡ ಕಡಿಸಲೂ ಇಲ್ಲ.

ಆಯಿ ಲಿಂಗೈಕ್ಯಳಾದ ದಿನ ಗಿಡದ ತುಂಬ ಹೂ. ಅಪ್ಪ ಹರಿಯಲು ಹೋದಾಗ ಅವ್ವ ಕೈ ಹಿಡಿದಳು. "ಅವು ಬ್ಯಾಡ್ರಿ. ಆಯಿಗೆ ನಡಿಯೂದಿಲ್ಲ." ನೋಯುವ ನಡ ಹಿಡಿದುಕೊಂಡೇ ಆ ತೋಟದ ತನಕ ಹೋಗಿ ಹೂ ತಂದಳು…

ಹೋದ ವರ್ಷ ಆ ಹಿತ್ತಲಿಗೆ ಕಾಂಕ್ರೀಟ್ ಬಿತ್ತು, ಗಿಡವೂ ಹೋಯಿತು. ನಮ್ಮ ನೀರು ಈಗ ಗಟಾರಕ್ಕೆ.

"ಬಚ್ಚಲದ್ದು, ಬೇಸಿನ್ನಿಂದು ಎರಡೂ ಒಂದಕ್ಕ ಜೋಡಸ್ಲೇನ್ರಿ?" ಎಂದು ಪ್ಲಂಬರ್ ಕೇಳಿದ.

ಬೇಡ ಎಂದು ಬೈಯಲು ಗೋಡೆಯ ಆಚೆ ಯಾರೂ ಇರಲಿಲ್ಲ. "ಜೋಡಸ್ರಿ," ಎಂದೆ.