ಕೊಯ್ದ ಗದ್ದೆಗೆ ಇಳಿದ ವಿಮಾನ

ಕೊಕ್ಕನೂರಿನ ಹತ್ತಿರ ಭತ್ತ ಕೊಯ್ದ ಗದ್ದೆಯಲ್ಲಿ ನನ್ನ ಮಗಳ ತರಬೇತಿ ವಿಮಾನ ಮೂಗು ತಗ್ಗಿಸಿ ನಿಂತಿತ್ತು. ಒಬ್ಬಳೇ ಹಾರಿಸುತ್ತಿದ್ದಾಗ ಎಂಜಿನ್ ಶಕ್ತಿ ಕಳೆದುಕೊಂಡಿತ್ತು; ಕಂಡ ಬಯಲಿಗೆ ಇಳಿಸಿದ್ದಳು. ಫೋನ್ ಬಂದಾಗ ನಾನು ದಾವಣಗೆರೆಯ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹರಿಹರ ದಾಟುವಷ್ಟರಲ್ಲಿ ಕೈಗಂಟಿದ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

ಮಗಳು ಬದುವಿನ ಮೇಲೆ ಕೂತಿದ್ದಳು. ಹುಬ್ಬಿನ ತರಚು ಗಾಯಕ್ಕೆ ಗದ್ದೆಯ ಒಡತಿ ದಪ್ಪಗೆ ಅರಿಶಿನ ಮೆತ್ತಿದ್ದಳು.

“ಟೈಮಿಗೆ ಬಸ್ ಬರಲ್ಲ ನಮ್ಮೂರಿಗೆ, ಇಮಾನ ಬಂತ್ ನೋಡ್ರಿ!” ಸುತ್ತ ಸೇರಿದ್ದ ಊರವರಲ್ಲಿ ಯಾರೋ ನಕ್ಕರು.

ನನಗೆ ನಗುವ ತ್ರಾಣವಿರಲಿಲ್ಲ. ದಿನವೂ ‘ಇಳಿದೆ ಅಮ್ಮ’ ಎಂಬ ಅವಳ ಮೆಸೇಜಿಗೆ ಕಾದು ಕಾದು ಎಂದೋ ದಣಿದಿದ್ದೆ.

ಅವಳಿಗೆ ಹಾರಾಟ ಕಲಿಸುವ ಸರ್ ಬಂದು ಒಳಗೆ ಇಣುಕಿದರು.

“ಎಂಜಿನ್ ಕೆಮ್ಮಿದ ಕೂಡಲೇ ಪೆಟ್ರೋಲ್ ತಿರುಪನ್ನ ಬಲಗಡೆ ಟ್ಯಾಂಕಿಗೆ ತಿರುಗಿಸಿದೆ ಸರ್. ಆಮೇಲೆ ಮುಟ್ಟೇ ಇಲ್ಲ.”

“ತಿರುಪು ಬಂದ್ ಆಗಿದೆಯಲ್ಲಮ್ಮ. ಗಾಬರಿಯಲ್ಲಿ ನೀನೇ ಪೆಟ್ರೋಲ್ ನಿಲ್ಲಿಸಿದ್ದೀಯ.”

ಸರ್ ವರದಿ ಬರೆಯತೊಡಗಿದರು. ಅದು ಹಾಗೇ ಹೋದರೆ ಅವಳು ಮತ್ತೆ ಹಾರುವುದು ಅನುಮಾನವಿತ್ತು.

ತೆರೆದ ಬಾಗಿಲಿನಿಂದ ನಾನೂ ನೋಡಿದೆ. ಕೆಂಪು ತಿರುಪಿನ ಮೇಲೆ ಹಳದಿ ಬೆರಳ ಗುರುತು. ಮಗಳ ಕೈಯಲ್ಲಿ ಅರಿಶಿನವಿರಲಿಲ್ಲ. ಒಡತಿ ತನ್ನ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಮಗಳು ಮನೆಯಲ್ಲಿರುತ್ತಾಳೆ, ನಾನು ನಿದ್ದೆ ಮಾಡುತ್ತೇನೆ. ಸರ್ ಬರೆಯುತ್ತಲೇ ಇದ್ದರು. ಮಗಳು ಅಳಲಿಲ್ಲ, ವಾದಿಸಲಿಲ್ಲ. ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಅದೇ ತಪ್ಪು ಮಾಡಿತೇನೋ ಎಂಬಂತೆ. ಅದನ್ನು ನೋಡಲಾಗಲಿಲ್ಲ.

“ಅಕ್ಕಾರ, ಒಳಗ ಏನಾರ ತಿರುವಿದ್ರೇನ್ರಿ?” ಒಡತಿಯನ್ನು ಮೆಲ್ಲಗೆ ಕೇಳಿದೆ.

ಆಕೆಯ ಮುಖ ಬಿಳಿಚಿತು. “ಹುಡುಗೀನ ಇಳಿಸಿ ಅರಿಶಿನ ಹಚ್ಚಿದ್ನ್ರೀ. ಪೆಟ್ರೋಲ್ ವಾಸ್ನಿ ಗಮ್ ಅಂತು. ಅಡುಗಿಮನ್ಯಾಗೆ ಗ್ಯಾಸ್ ನಾತ ಬಂದ್ರೆ ಮೊದ್ಲು ಸಿಲಿಂಡ್ರ ಬಂದ್ ಮಾಡಲ್ವೇನ್ರಿ? ಹಂಗೇ ತಿರುವಿದೆ. ಕೇಸ್ ಗೀಸ್ ಆಗ್ತೈತೇನ್ರಿ ತಾಯಿ?”

“ಇಲ್ಲಮ್ಮ, ಒಳ್ಳೇದೇ ಮಾಡಿದ್ದೀರಿ,” ಎಂದ ಸರ್, ಬರೆದದ್ದನ್ನು ಹೊಡೆದು ಹಾಕಿದರು.

ವಾಪಸು ಬರುವಾಗ ಕಾರಿನಲ್ಲಿ ಮಗಳು ಕೇಳಿದಳು, “ಅಮ್ಮ, ಆ ಹಳದಿ ಗುರುತು ಮೊದಲೇ ನೋಡಿದ್ದಿ ಅಲ್ವಾ? ಅಷ್ಟೊತ್ತು ಯಾಕ ಸುಮ್ನಿದ್ದಿ?”

“ದಿನಾ ಕಾದು ಕಾದು ಸಾಕಾಗೈತಮ್ಮ ನಂಗೆ.”

ಅವಳು ಹುಬ್ಬಿನ ಮೇಲೆ ಒಣಗಿದ ಅರಿಶಿನ ಉದುರಿಸಿಕೊಂಡಳು. “ಸರ್ ಬಿಟ್ರೆ, ಮುಂದಿನ ವಾರ ಮತ್ತೆ ಹೋಗ್ತೀನಿ.”

“ಗೊತ್ತೈತಿ,” ಎಂದೆ.