ಹದಿನೈದು ಲೀಟರಿನ ತೊಟ್ಟಿ

ಜುಲೈ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು ನಾನು ಮತ್ತು ಗಾಜಿನ ತೊಟ್ಟಿಯಲ್ಲಿ ಒಂದು ಮೀನು. ಹಿಂದಿನ ಭಾನುವಾರ ಮೀನುಗಳು ನಾಲ್ಕಿದ್ದವು.

ಹೀಗೆ ಬರೆಯುವುದು ನನಗೆ ಅಭ್ಯಾಸ. ಮೂವತ್ತಮೂರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಕೊನೆಯ ಹನ್ನೆರಡು ವರ್ಷ ಇಡೀ ವಾರ್ಡಿನ ಜವಾಬ್ದಾರಿ ನನ್ನದಾಗಿತ್ತು. ಒಂದು ಪಾಳಿಯವರು ಇನ್ನೊಂದು ಪಾಳಿಗೆ ವಾರ್ಡ್ ಒಪ್ಪಿಸುವಾಗ ಮೊದಲು ದಿನ, ಆಮೇಲೆ ಗಂಟೆ, ಆಮೇಲೆ ಯಾರಿದ್ದಾರೆ, ಯಾರ ಸ್ಥಿತಿ ಹೇಗಿದೆ ಎಂದು ಬರೆಯಬೇಕು. ನಿವೃತ್ತಿಯ ನಂತರವೂ ದೇವರಾಜ ಅರಸು ಬಡಾವಣೆಯ ನನ್ನ ಎರಡು ಕೋಣೆಯ ಮನೆಯಲ್ಲಿ ಅದೇ ಶಿಸ್ತು ನಡೆಯಿತು. ತನ್ನ ಗಂಡ ತೀರಿಕೊಂಡ ಮೇಲೆ ನನ್ನ ಜೊತೆ ಇರಲು ಬಂದ ಅಕ್ಕ ಹನ್ನೊಂದು ವರ್ಷ ಅದನ್ನು ಸಹಿಸಿಕೊಂಡಳು. "ನಿನ್ ಮನ್ಯಾಗ ಸೀನಾಕೂ ಟೈಮ್ ನೋಡ್ಬೇಕು" ಎನ್ನುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಅವಳು ತೀರಿಹೋದಳು.

ಆಮೇಲೆ ನನಗೆ ಒಂದು ವಿಷಯ ತಿಳಿಯಿತು. ನಾನು ಐದಕ್ಕೆ ಎದ್ದರೂ ಒಂಬತ್ತಕ್ಕೆ ಎದ್ದರೂ ಯಾರಿಗೂ ಏನೂ ಆಗುವುದಿಲ್ಲ. ಪರೀಕ್ಷೆ ಮಾಡೋಣವೆಂದೇ ಒಂದು ದಿನ ಒಂಬತ್ತರವರೆಗೆ ಮಲಗಿದೆ. ಗೇಟಿನ ಮೇಲಿಟ್ಟ ಹಾಲಿನ ಪೊಟ್ಟಣದ ಮೇಲೆ ಬಿಸಿಲು ಬಿದ್ದಿತ್ತು, ಅಷ್ಟೇ. ಆ ದಿನ ಹೆದರಿಕೆಯಾಯಿತು. ನಾನು ಏಳದಿದ್ದರೆ ಕೆಡುವಂಥದ್ದು ಏನಾದರೂ ಈ ಮನೆಯಲ್ಲಿ ಇರಬೇಕು ಅನ್ನಿಸಿತು. ನಾಯಿಯನ್ನು ಓಡಾಡಿಸಲು ಮಂಡಿ ಬಿಡುವುದಿಲ್ಲ, ಬೆಕ್ಕು ಕಂಡರೆ ನನಗೆ ಉಬ್ಬಸ. ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಹಲ್ಲಿನ ದವಾಖಾನೆಯಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಅದರ ಮುಂದೆ ಮುಕ್ಕಾಲು ಗಂಟೆ ಕೂತಿದ್ದೆ. ಒಮ್ಮೆಯೂ ಗಡಿಯಾರ ನೋಡಿರಲಿಲ್ಲ ಎಂದು ಎದ್ದ ಮೇಲೆ ಗೊತ್ತಾಯಿತು. ಅಲ್ಲಿಂದ ನೇರ ಪೇಟೆಗೆ ಹೋದೆ.

ಅಂಗಡಿಯ ಸಾಹೇಬರು ಉರ್ದುವಿನಲ್ಲಿ ಫೋನು ಮುಗಿಸಿ, ನಾನು ತೋರಿಸಿದ ತೊಟ್ಟಿಯನ್ನು ಇಳಿಸಿದರು. ಒಂದಡಿ ಉದ್ದ, ಹದಿನೈದು ಲೀಟರು. "ಇಷ್ಟಕ್ಕ ಫೈಟರ್ ಮೀನು ಒಯ್ಯಿರಿ ಮೇಡಂ. ಒಂದ ಇರ್ತೈತಿ, ಯಾರ ಜೋಡೀನೂ ಬೇಕಾಗಿಲ್ಲ ಅದಕ್ಕ. ಮತ್ತೊಂದು ಬಂದ್ರ ಕಚ್ಚಿ ಓಡಿಸ್ತೈತಿ."

"ಅಂಥದ್ದು ನಮ್ಮನ್ಯಾಗ ಈಗಾಗ್ಲೇ ಒಂದೈತ್ರಿ" ಎಂದೆ.

ಅವರು ನನ್ನ ಮುಖ ನೋಡಿ ನಕ್ಕರು. "ಹಂಗಾದ್ರ ಗಪ್ಪಿ ಒಯ್ಯಿರಿ. ನಾಲ್ಕೂ ಗಂಡೇ ಇರ್ಲಿ. ಹೆಣ್ಣು ಹಾಕಿದ್ರೋ, ತಿಂಗಳಿಗೊಂದ್ಸಲ ನಿಮ್ಮನಿ ಹೆರಿಗೆ ವಾರ್ಡ್ ಆಗ್ತೈತಿ!" ನಾನು ನರ್ಸ್ ಎಂದು ಅವರಿಗೆ ಹೇಳಿರಲಿಲ್ಲ. "ಆದ್ರ ಮೀನು ಈಗ ಬ್ಯಾಡ. ನೀರು ಹಳೇದಾಗ್ಲಿ, ಮೂರ್ನಾಕು ವಾರ ಬಿಟ್ಟು ಬರ್ರಿ."

ಹಳೆಯ ನೀರು ಎಂದರೆ ನನ್ನ ಲೆಕ್ಕದಲ್ಲಿ ನಿಂತ ನೀರು, ಸೊಳ್ಳೆ, ಜ್ವರ. ಸಾಹೇಬರಿಗೆ ಶುಚಿತ್ವದ ಕಲ್ಪನೆ ಇಲ್ಲವೆಂದುಕೊಂಡೆ. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಎರಡು ದಿನ ಕಾದು, ಮೂರನೆಯ ದಿನ ನಾಲ್ಕು ಗಪ್ಪಿ ತಂದೆ. ತರುವ ಮೊದಲು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೆ. ನಾವು ಮೊದಲು ಸಿರಿಂಜು ಕುದಿಸುತ್ತಿದ್ದ ಹಾಗೆ ಬೆಣಚುಕಲ್ಲುಗಳನ್ನು ಇಪ್ಪತ್ತು ನಿಮಿಷ ಕುದಿಸಿದ್ದೆ. ಗಾಜನ್ನು ನಾಲ್ಕು ಸಲ ತೊಳೆದಿದ್ದೆ. ಮೀನುಗಳಿಗೆ ಹೆಸರಿಡಲಿಲ್ಲ, ಒಂದರಿಂದ ನಾಲ್ಕರವರೆಗೆ ನಂಬರ್ ಕೊಟ್ಟೆ. ನಾಲ್ಕನೆಯದು ಬೂದು ಮೈಯ, ಬಾಲದ ಮೇಲೆ ಎರಡು ಕಪ್ಪು ಚುಕ್ಕೆಯ ಸಣ್ಣ ಮೀನು. ನಾನು ಹತ್ತಿರ ಹೋದರೆ ಅದೊಂದು ಮಾತ್ರ ಗಾಜಿನ ಕಡೆ ಬರುತ್ತಿತ್ತು.

ಆರು ಗಂಟೆಗೆ ತೊಟ್ಟಿಯ ಕೆಲಸ. ಮೀನುಗಳನ್ನು ಸ್ಟೀಲ್ ಪಾತ್ರೆಗೆ ತೆಗೆದು, ನೀರನ್ನೆಲ್ಲ ಚೆಲ್ಲಿ, ಗಾಜು ಉಜ್ಜಿ, ಕಲ್ಲು ತೊಳೆದು, ಗಾಳಿಯ ಗುಳ್ಳೆ ಬಿಡುವ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಮೊದಲೇ ಹಿಡಿದಿಟ್ಟಿದ್ದ ಹೊಸ ನೀರು ತುಂಬುತ್ತಿದ್ದೆ. ದಿನವೂ. ಅಕ್ಕ ಹೋದ ಮೇಲೆ ಆರರಿಂದ ಏಳರವರೆಗಿನ ಆ ಒಂದು ಗಂಟೆ ಮೊದಲ ಸಲ ತುಂಬಿತು.

ಮಂಗಳವಾರ ಒಂದು ಸತ್ತಿತು. ಇನ್ನೂ ಚೆನ್ನಾಗಿ ತೊಳೆದೆ. ಗುರುವಾರ ಎರಡು ಸತ್ತವು. ಅಂದು ಸಂಜೆಯೂ ಇನ್ನೊಮ್ಮೆ ನೀರು ಬದಲಿಸಿದೆ. ಕಾಯಿಲೆ ಎಂದರೆ ಸೋಂಕು, ಸೋಂಕು ಎಂದರೆ ಕೊಳೆ ಎಂದು ನನಗೆ ಕಲಿಸಿದ್ದರು. ನಾನೂ ನೂರಾರು ಹುಡುಗಿಯರಿಗೆ ಅದನ್ನೇ ಕಲಿಸಿದ್ದೆ. ಭಾನುವಾರ ಬೆಳಿಗ್ಗೆ ನಾಲ್ಕನೆಯದು ನೀರಿನ ಮೇಲ್ಭಾಗಕ್ಕೆ ಬಾಯಿ ಹಚ್ಚಿ, ಬಾಲ ಮುದುಡಿ ನಿಂತಿತ್ತು. ಕಿವಿರು ಎಷ್ಟು ಬೇಗ ಬಡಿಯುತ್ತಿತ್ತೆಂದರೆ ಎಣಿಸಲು ಆಗಲಿಲ್ಲ. ಅಭ್ಯಾಸದಂತೆ ಬಕೆಟ್ಟು ಕೈಗೆತ್ತಿಕೊಂಡೆ. ಆಗ ನಿಂತೆ. ತೊಳೆದಷ್ಟೂ ಸಾಯುತ್ತಿವೆ ಎಂಬುದು ಹೊಳೆಯಲು ನನಗೆ ಒಂದು ವಾರ ಬೇಕಾಯಿತು.

ಭಾನುವಾರ ಪೇಟೆ ಅಂಗಡಿ ತೆರೆಯುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಇದು ಉಳಿಯುವಂತಿರಲಿಲ್ಲ. ಮೀನು ಸಾಕುವವರಲ್ಲಿ ನನಗೆ ಗೊತ್ತಿದ್ದವಳು ಇನ್ನೊಬ್ಬಳೇ. ನಮ್ಮ ವಾರ್ಡಿನಲ್ಲಿ ಆಯಾ ಆಗಿದ್ದವಳು, ಈಗ ಹರಿಹರದಲ್ಲಿದ್ದಾಳೆ. ಅಕ್ಕ ತೀರಿಕೊಂಡಾಗ ಮಾತಾಡಿಸಲು ಬಂದವಳು, "ಮೀನಿಗೆ ಊಟ ಹಾಕ್ಬೇಕ್ರಿ ಸಿಸ್ಟರ್" ಎಂದು ಅರ್ಧ ಗಂಟೆಗೆ ಎದ್ದು ಹೋಗಿದ್ದಳು. ನೆಪ ಹೇಳುತ್ತಿದ್ದಾಳೆ ಅಂದುಕೊಂಡಿದ್ದೆ. ನನ್ನ ಮನೆಯಲ್ಲಿ ಹೆಚ್ಚು ಹೊತ್ತು ಕೂರಲು ಅವಳಿಗೆ ಕಾರಣವೂ ಇರಲಿಲ್ಲ. ನೆಲ ಒರೆಸುವ ನೀರು ಕಪ್ಪಗಾಗಿದೆ ಎಂದು ಒಮ್ಮೆ ಎಲ್ಲರೆದುರು ಅವಳ ಬಕೆಟ್ಟನ್ನು ಚೆಲ್ಲಿಸಿ, ಅವಳ ಮೇಲೆ ವರದಿ ಬರೆದಿದ್ದೆ. ಅಂಥವಳನ್ನು ಕೇಳಬೇಕಾಗಿತ್ತು. ಫೋನು ಮಾಡಿದೆ.

"ಮೀನಿನ ಜೋಡಿ ನೀರು ತುಂಬ್ಕೊಂಡು ಇದ್ದಂಗ ಬರ್ರಿ" ಎಂದಳು. ಮತ್ತೇನೂ ಕೇಳಲಿಲ್ಲ.

ಮೀನನ್ನು ಹಾಲಿನ ಕ್ಯಾನಿಗೆ ಹಾಕಿಕೊಂಡು ಏಳೂಕಾಲಿನ ಬಸ್ಸು ಹಿಡಿದೆ. ಕ್ಯಾನು ತೊಡೆಯ ಮೇಲೆ, ಮುಚ್ಚಳ ಅರ್ಧ ತೆರೆದಿತ್ತು. ಪಕ್ಕದಲ್ಲಿ ಕೂತ ಹೆಂಗಸು ಇಣುಕಿದಳು.

"ಹಾಲೇನ್ರಿ?"

"ಅಲ್ಲ, ಮೀನು."

"ಒಂದಾ? ಸಾರಿಗೆ ಸಾಲ್ತೈತೇನ್ರಿ?"

ಅವಳ ಮುಂದೆ ಅಳು ಬರಬಾರದೆಂದು ಕಿಟಕಿಯ ಕಡೆ ತಿರುಗಿದೆ. ಇಷ್ಟು ಸಣ್ಣ ಮೀನಿಗೆ ಅಳುವುದು ನನಗೇ ಸರಿ ಕಾಣಲಿಲ್ಲ. ಅಕ್ಕ ತೀರಿಕೊಂಡ ದಿನ ನಾನು ಅತ್ತಿರಲಿಲ್ಲ. ಬಂದವರಿಗೆ ಚಹಾ, ಕುರ್ಚಿ, ಆಟೋ ಎಲ್ಲವನ್ನೂ ನೋಡಿಕೊಂಡಿದ್ದೆ.

ಆಯಾಳ ಮನೆ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ. ಪಡಸಾಲೆಯಲ್ಲಿ ಮೂರಡಿ ಉದ್ದದ ಹಳೆಯ ತೊಟ್ಟಿ. ಹಿಂದಿನ ಗಾಜಿಗೆ ದಪ್ಪಗೆ ಹಸಿರು ಪಾಚಿ, ತಳದಲ್ಲಿ ಕಂದು ಗಸಿ, ನೀರು ತೆಳು ಚಹಾದ ಬಣ್ಣ. ಅದರೊಳಗೆ ಮೀನುಗಳು ಜಾತ್ರೆಗೆ ಹೊರಟವರಂತೆ ಓಡಾಡುತ್ತಿದ್ದವು.

"ಏನೇ ಇದು, ಇಷ್ಟು ಹೊಲಸು ಐತೆ" ಎಂದು ಬಾಯಿಂದ ಬಂದೇಬಿಟ್ಟಿತು.

"ಹೊಲಸು ಐತೆ, ಜೀವ ಅವೆ" ಎಂದಳು. "ನಿಮ್ಮದು ಹೆಂಗೈತ್ರಿ?"

ನಾನು ಕ್ಯಾನಿನ ಮುಚ್ಚಳ ತೆಗೆದೆ. ಅವಳು ಕ್ಯಾನಿನೊಳಗೆ ನೋಡಿ ನಾಲಿಗೆ ಲೊಚಗುಟ್ಟಿದಳು. ಏನೇನು ಮಾಡಿದಿರಿ ಎಂದು ಕೇಳಿದಳು. ವಾರ್ಡ್ ಒಪ್ಪಿಸುವಂತೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಕುದಿಸಿದ್ದು, ಉಜ್ಜಿದ್ದು, ದಿನವೂ ನೀರು ಚೆಲ್ಲಿದ್ದು. ಸ್ಪಂಜು ಬೆಳ್ಳಗೆ ಮಾಡಿದ್ದನ್ನು ಹೇಳಿದಾಗ ಅವಳು ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ ಸಿಸ್ಟರ್, ಆ ಸ್ಪಂಜಿನಾಗ ಇರಾದೇ ಒಳ್ಳೇ ಹುಳ. ಕಣ್ಣಿಗೆ ಕಾಣಂಗಿಲ್ಲ. ಮೀನು ಉಚ್ಚೆ ಹೊಯ್ದಿದ್ದು ವಿಷ ಆಗ್ತೈತಿ, ಅವು ಅದನ್ನ ತಿಂತಾವ. ನೀವು ದಿನಾ ಬೆಳಿಗ್ಗೆ ಎದ್ದು ಅವನ್ನ ಕೊಂದ್ರಿ. ಅವು ಸತ್ತು, ಮೀನು ಸತ್ವು."

"ನಿನಗ ಯಾರು ಹೇಳಿಕೊಟ್ರು?"

"ಯಾರು ಹೇಳ್ತಾರ್ರಿ? ನಂದೂ ಮೊದ್ಲು ಮೂವತ್ತು ಸತ್ವು. ನೀವೇ ಕಲಿಸಿದ್ರಲ್ಲ, ತಿಕ್ಕೋದು!"

ಕ್ಯಾನನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಐದು ನಿಮಿಷಕ್ಕೊಂದು ಲೋಟದಂತೆ ತನ್ನ ನೀರನ್ನು ಅದಕ್ಕೆ ಸೇರಿಸಿದಳು. ಮೀನಿಗೆ ಒಮ್ಮೆಲೇ ನೀರು ಬದಲಾಗಬಾರದಂತೆ. ಲೋಟ ಲೋಟದ ನಡುವೆ ಚಹಾ ಕುಡಿದೆವು. ನನಗೆ ಕುರ್ಚಿ ಹಾಕಿ ತಾನು ಹೊಸ್ತಿಲ ಮೇಲೆ ಕೂತಳು.

"ನಾನು ಬರೆದ ಆ ವರದಿ ನೆನಪೈತಾ?" ಎಂದು ಕೇಳಿದೆ.

"ಮರೀತಾರೇನ್ರಿ? ಎರಡು ತಿಂಗಳು ನೈಟ್ ಡ್ಯೂಟಿ ಬಿತ್ತು." ಲೋಟದಲ್ಲಿ ನೀರು ತುಂಬಿಕೊಂಡಳು. "ನೀರು ಕಪ್ಪಗಿತ್ತು, ಅದು ಖರೆ. ಆದ್ರ ಎಲ್ಲರ ಮುಂದ ಚೆಲ್ಲಿಸಬಾರದಿತ್ತು ನೀವು."

"ಹೌದು, ಚೆಲ್ಲಿಸಬಾರದಿತ್ತು" ಎಂದೆ. ಅವಳು ಲೋಟದ ನೀರನ್ನು ಕ್ಯಾನಿಗೆ ಸುರಿದಳು.

ಒಂದು ಗಂಟೆಯಾದ ಮೇಲೆ ಕ್ಯಾನನ್ನು ಓರೆ ಮಾಡಿದಳು. ಮೀನು ಹೊರಗೆ ಬಂದು ನೀರುಗಿಡದ ಎಲೆಗಳ ಬುಡದಲ್ಲಿ ಓರೆಯಾಗಿ ನಿಂತಿತು. ಉಳಿದವು ಸುತ್ತ ಬಂದು ಮೂಸಿ ಹೋದವು. ಸ್ವಲ್ಪ ಹೊತ್ತಿಗೆ ಅದು ನೆಟ್ಟಗಾಯಿತು. ಮಧ್ಯಾಹ್ನದ ಹೊತ್ತಿಗೆ ಬಾಲ ಅರ್ಧ ಬಿಚ್ಚಿತ್ತು. ಅವಳು ಮಾಡಿದ ಮಂಡಕ್ಕಿ ಒಗ್ಗರಣೆ ತಿನ್ನುತ್ತ ನಾನು ತೊಟ್ಟಿಯ ಮುಂದೆಯೇ ಇದ್ದೆ.

"ಈಗ ನೋಡ್ರಿ" ಎಂದಳು. "ನನ್ನ ಹಳೇ ಸ್ಪಂಜು ಕೊಡ್ತೀನಿ. ಅದರ ಜೋಡಿ ಇದನ್ನ ಒಯ್ದ್ರ ಬದುಕಬಹುದು, ಬದುಕದೇನೂ ಇರಬಹುದು. ಬಸ್ಸಿನಾಗ ಮತ್ತ ಕುಲುಕಬೇಕು. ಇಲ್ಲೇ ಬಿಟ್ರ ಉಳಿತೈತಿ. ನಿಮ್ಮ ಮನಸ್ಸು."

ವಾರ್ಡಿನಲ್ಲಿ ಇಂಥ ತೀರ್ಮಾನಕ್ಕೆ ನನಗೆ ಒಂದು ನಿಮಿಷ ಹಿಡಿಯುತ್ತಿರಲಿಲ್ಲ. ರೋಗಿಗೆ ಎಲ್ಲಿ ಒಳ್ಳೆಯದೋ ಅಲ್ಲಿಗೆ ಕಳಿಸುವುದು, ಬಂದವರು ಎಷ್ಟೇ ಅತ್ತರೂ ಸರಿ. ಈಗ ಬಹಳ ಹೊತ್ತು ಕೂತೆ. ನಾನು ಏಳದಿದ್ದರೆ ಕೆಡುವಂಥದ್ದು ಮನೆಯಲ್ಲಿ ಅದೊಂದೇ ಇತ್ತು. ನಾಳೆ ಆರಕ್ಕೆ ಎದ್ದರೆ ಗಾಜಿನ ಕಡೆ ಬರಲು ಏನೂ ಇರುವುದಿಲ್ಲ.

"ಇಲ್ಲೇ ಇರ್ಲಿ" ಎಂದೆ.

"ಹಂಗಂತ ಬರಿಗೈಲೆ ಹೋಗ್ಬ್ಯಾಡ್ರಿ. ಆರಿಸ್ಕೊಳ್ರಿ, ಮೀನು ಬಿಟ್ಟು" ಎಂದು ಗಾಜಿಗೆ ಅಂಟಿದ್ದ ಬಸವನಹುಳುಗಳನ್ನು ತೋರಿಸಿದಳು. "ಇವು ಗಟ್ಟಿ ಪ್ರಾಣಿ. ಒಂದು ಒಯ್ಯಿರಿ, ಅದು ತಿಂದು ಹೊಲಸು ಮಾಡ್ಲಿ, ನೀರು ಹಳೇದಾಗ್ಲಿ. ನಾಕು ವಾರ ಬಿಟ್ಟು ಮೀನಿಗೆ ಬರ್ರಿ."

ಏಳೆಂಟು ಹುಳುಗಳಿದ್ದವು. ದೊಡ್ಡವು ಬೇಡವೆಂದೆ. ಮೂಲೆಯಲ್ಲಿ ಒಂದು ಕಂದು ಬಣ್ಣದ್ದು ನಾನು ಬಂದಾಗಿನಿಂದ ಒಂದೇ ಸಮ ಗಾಜನ್ನು ನೆಕ್ಕುತ್ತ ಮೇಲೇರುತ್ತಿತ್ತು. ಕೆಲಸ ಮಾಡುವಂಥದ್ದು ಅನ್ನಿಸಿ ಅದನ್ನೇ ಆರಿಸಿದೆ. ಅವಳು ಫಿಲ್ಟರಿನ ಸ್ಪಂಜು ಕಳಚಿದಳು. ಕೆಸರಿನಂಥ ನೀರು ಸುರಿಯಿತು. ಹಿಡಿದುಕೊಳ್ಳಲು ನಾನು ತಡೆದದ್ದನ್ನು ಕಂಡು, "ಗ್ಲೌಸ್ ಬೇಕೇನ್ರಿ ಸಿಸ್ಟರ್?" ಎಂದಳು. ಬರಿಗೈಯಲ್ಲೇ ತೆಗೆದುಕೊಂಡು ಕ್ಯಾನಿಗೆ ಹಾಕಿದೆ.

ನಾಲ್ಕಕ್ಕೆ ಮನೆ ತಲುಪಿದೆ. ನನ್ನ ತೊಟ್ಟಿಯ ಗಾಜು ಮಿರಿಮಿರಿ ಮಿಂಚುತ್ತಿತ್ತು. ಸ್ಪಂಜನ್ನು ಅದರೊಳಗೇ ಹಿಂಡಿದೆ. ಹದಿನೈದು ಲೀಟರೂ ಒಮ್ಮೆಗೇ ಮಬ್ಬಾಯಿತು. ಆ ಸ್ಪಂಜನ್ನೇ ಫಿಲ್ಟರಿಗೆ ಸಿಕ್ಕಿಸಿದೆ. ಬಸವನಹುಳುವನ್ನು ಕಲ್ಲಿನ ಮೇಲೆ ಇಳಿಬಿಟ್ಟೆ. ಚಿಪ್ಪು ಮುಚ್ಚಿಕೊಂಡು ಅದು ಹಾಗೆಯೇ ಇತ್ತು.

ಆರೂವರೆಗೆ ಹರಿಹರಕ್ಕೆ ಫೋನು ಮಾಡಿದೆ.

"ಊಟ ಹಾಕಿದ್ಯಾ? ಅದು ತಿಂತಾ?"

"ಹಾಕಿದ್ಯಾ ಅಂದ್ರ? ಎಲ್ಲಾ ಮ್ಯಾಲೆ ಬಂದು ಮುಗಿಬಿದ್ವು."

"ನಂದು?"

"ಚುಕ್ಕಿ ಬಾಲದ್ದು ನನ್ನ ಹತ್ರಾನೂ ಭಾಳ ಅವೆ ಸಿಸ್ಟರ್. ಈಗ ಯಾವುದು ನಿಮ್ಮದೋ ಗೊತ್ತಾಗವಲ್ದು."

"ಎಷ್ಟವೆ ಎಣಿಸಿ ಹೇಳು."

ಅವಳು ಜೋರಾಗಿ ನಕ್ಕಳು. "ಇವೇನು ವಾರ್ಡಿನ ಬೆಡ್‌ಶೀಟಾ, ಎಣಿಸಾಕ? ಸತ್ತಿದ್ದು ಒಂದೂ ಇಲ್ಲ. ತಳದಾಗೂ ನೋಡೀನಿ. ಸಾಕಲ್ಲ?"

ಸಾಕು ಎಂದೆ. ಅದು ಅವುಗಳ ನಡುವೆ ಸೇರಿಹೋಗಿತ್ತು.

ಫೋನಿಟ್ಟು ತೊಟ್ಟಿಯ ಮುಂದೆ ಕೂತೆ. ಗಸಿ ನಿಧಾನವಾಗಿ ತಳಕ್ಕೆ ಇಳಿಯುತ್ತಿತ್ತು. ಗಾಜಿನ ಒಳಬದಿಗೆ ಒಂದು ಕಂದು ಎಳೆ ಅಂಟಿಕೊಂಡಿತ್ತು. ಒರೆಸಲು ಎದ್ದು, ಮತ್ತೆ ಕೂತೆ. ಏಳು ಗಂಟೆಗೆ ತೊಟ್ಟಿಯ ಮುಚ್ಚಳ ಹಾಕಿ, ಕೈಗಳನ್ನು ಮೊಣಕೈವರೆಗೆ ಸೋಪಿನಲ್ಲಿ ತೊಳೆದುಕೊಂಡೆ.